ಮೋಹನಸ್ವಾಮಿಯ ತರುವಾಯ

ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನವು 2013ರಲ್ಲಿ ಪ್ರಕಟವಾದಾಗ, ಪುರುಷನು ಪುರುಷನಲ್ಲಿ ಅನುರಕ್ತನಾಗುವುದನ್ನು ಪರಿಹಾಸಕ್ಕೋ ಜುಗುಪ್ಸೆಗೋ ಮಾತ್ರ ತಕ್ಕ ವಸ್ತುವೆಂದು ಬಗೆದಿದ್ದ ಓದುಗರ ಮುಂದೆ, ಸಂಡೂರಿನ ಸೀಮೆಯ ಲೇಖಕರೊಬ್ಬರು ತಮ್ಮ ಅಂತರಂಗವನ್ನೇ ತೆರೆದಿಟ್ಟ ಧೈರ್ಯವು ಕನ್ನಡ ಕಥನಕ್ಕೆ ಅಪೂರ್ವವಾಗಿದ್ದಿತು. ಅದೇ ವರ್ಷದ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಇಂಥ ಪ್ರೇಮವು ಅಪರಾಧವಲ್ಲವೆಂದಿದ್ದ ದೆಹಲಿ ಉಚ್ಚ ನ್ಯಾಯಾಲಯದ 2009ರ ತೀರ್ಪನ್ನು ರದ್ದುಗೊಳಿಸಿತೆಂಬುದನ್ನೂ, ಈ ಪ್ರೇಮದ ಮೇಲಿನ ಅಪರಾಧದ ಕಳಂಕವು 2018ರ ಸೆಪ್ಟೆಂಬರ್ 6ರವರೆಗೂ ತೊಲಗಲಿಲ್ಲವೆಂಬುದನ್ನೂ ನೆನೆದರೆ, ಆ ಧೈರ್ಯದ ತೂಕ ತಿಳಿದೀತು.

ಆದರೆ ನಾನು ಕೇಳಬೇಕೆಂದಿರುವುದು ಬೇರೆ. ಪ್ರಶ್ನಿಸುವುದನ್ನೇ ವಿದ್ಯೆಯೆಂದು ಸಾರಿದ ಎಚ್. ನರಸಿಂಹಯ್ಯನವರ ಹುಟ್ಟೂರಿರುವ ಗೌರಿಬಿದನೂರು ತಾಲ್ಲೂಕಿನಲ್ಲಿ, ಹಾಗೆಯೇ ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ, ಸಹಪಾಠಿಯೊಬ್ಬನು ಪಕ್ಕದಲ್ಲಿ ಬಂದು ಕುಳಿತೊಡನೆ ತನ್ನ ಎದೆ ಏಕೆ ಹೀಗೆ ಬಡಿದುಕೊಳ್ಳುವುದೆಂದು ಯಾರನ್ನೂ ಪ್ರಶ್ನಿಸಲಾರದ ಪದವಿಪೂರ್ವ ತರಗತಿಯ ಹುಡುಗನಿಗೆ ಈ ಪುಸ್ತಕವು ಏನನ್ನು ಕೊಡುತ್ತದೆ?

ತಾನು ಒಬ್ಬಂಟಿಯಲ್ಲವೆಂಬ ಅರಿವನ್ನು ಕೊಡುತ್ತದೆ, ಅದು ಅಲ್ಪವಲ್ಲ. ಆದರೂ ‘ಕಗ್ಗಂಟು’ ಕಥೆಯಲ್ಲಿ ಕಥಾನಾಯಕ ಮೋಹನಸ್ವಾಮಿಯ ಸಂಗಾತಿ ಕಾರ್ತಿಕ್ ಹೆಣ್ಣೊಬ್ಬಳನ್ನು ವರಿಸಿ ಹೊರಟುಹೋಗುತ್ತಾನೆ. ಬಾಲ್ಯವು ಬಹುಮಟ್ಟಿಗೆ ಅವಮಾನದ ಸ್ಮೃತಿಯಾಗಿ, ಪ್ರಾಪ್ತವಯಸ್ಕನ ವೇದನೆಗೆ ಪೀಠಿಕೆಯಾಗಿ ಬರುತ್ತದೆ. ಕಡೆಗೆ ಕಿಲಿಮಂಜಾರೊ ಪರ್ವತಾರೋಹಣದಲ್ಲಿ ಅವನ ಚೇತನಕ್ಕೆ ಉಪಶಮನ ದೊರೆಯುವಾಗ ಓದುಗನ ಮನಸ್ಸೂ ಹಗುರಾಗುವುದು ನಿಜ. ಆದರೆ ಆ ಉಪಶಮನದ ಹಿಂದೆ ಸ್ವಂತ ಸಂಪಾದನೆಯಿದೆ, ಯಾರೂ ಗುರುತಿಸದ ಮಹಾನಗರವಿದೆ, ದೂರದ ಖಂಡಕ್ಕೆ ಹೋಗಿಬರುವ ಸ್ವಾತಂತ್ರ್ಯವಿದೆ. ಹದಿನಾರರ ಹುಡುಗನಿಗೆ ಇವುಗಳಲ್ಲಿ ಒಂದೂ ಇಲ್ಲ. ಇದು ವಸುಧೇಂದ್ರರ ದೋಷವಲ್ಲ. ಅವರು ವಯಸ್ಕರಿಗಾಗಿ ಬರೆದರು, ಸತ್ಯವಾಗಿ ಬರೆದರು. ಆ ಸತ್ಯವನ್ನು ಎಳೆಯರ ಕಡೆಗೆ ಮುಂದುವರಿಸಬೇಕಾಗಿದ್ದ ಉಳಿದವರ ಲೋಪವಿದು.

ಅನ್ಯತ್ರವೂ ಹಾದಿ ಸುಗಮವಾಗಿರಲಿಲ್ಲ. ಅಮೆರಿಕದಲ್ಲಿ 1969ರಲ್ಲಿ ಜಾನ್ ಡೊನೊವನ್ ಬರೆದ ಕಿಶೋರ ಕಾದಂಬರಿಯಲ್ಲಿ, ಹುಡುಗರಿಬ್ಬರ ಸಲಿಗೆಯ ಬೆನ್ನಲ್ಲೇ ನಾಯಕನ ಮುದ್ದಿನ ನಾಯಿ ವಾಹನಕ್ಕೆ ಸಿಕ್ಕಿ ಸಾಯುತ್ತದೆ. ಅದು ತನ್ನ ಪಾಪದ ಫಲವೆಂದು ಬಾಲಕ ನಂಬುತ್ತಾನೆ. ನ್ಯಾನ್ಸಿ ಗಾರ್ಡನ್ 1982ರಲ್ಲಿ ಹುಡುಗಿಯರಿಬ್ಬರ ಒಲವನ್ನು ಶಿಕ್ಷೆಗೆ ಗುರಿಮಾಡದೆ ಉಳಿಸಿಕೊಂಡರು. ಇವುಗಳಿಂದ ತಿಳಿಯುವುದಿಷ್ಟು: ಪ್ರೇಮವು ರೋಗವಲ್ಲದ್ದರಿಂದ ಮಾಯಬೇಕಾದುದು ಪ್ರೇಮವಲ್ಲ, ಅದರ ಮೇಲೆ ಪರರು ಮಾಡಿದ ಗಾಯ. ಈ ವಿವೇಕವಿಲ್ಲದ ಕಥೆಯು ಎಷ್ಟೇ ಕರುಣಾಪೂರ್ಣವಾಗಿದ್ದರೂ ಎಳೆಯ ಓದುಗನಿಗೆ ಅಪಕಾರವನ್ನೇ ಮಾಡುತ್ತದೆ.

ಕನ್ನಡದಲ್ಲಿ ಎಳೆಯರಿಗಾಗಿ ಅಂಥ ವಿವೇಕದ ಕಾದಂಬರಿ ಬರೆಯಲು ನಮ್ಮ ಚಿಕ್ಕಬಳ್ಳಾಪುರ ಸೀಮೆಯಲ್ಲಿ ಸಾಮಗ್ರಿಯ ಕೊರತೆಯಿಲ್ಲ. ರೇಷ್ಮೆಹುಳು ನಾಲ್ಕನೆಯ ಜ್ವರವೆದ್ದ (ಪೊರೆ ಕಳಚಿದ) ಮೇಲೆ ಹಗಲಿರುಳೂ ಸೊಪ್ಪು ಹಾಕಬೇಕಾದ ಮನೆಗೆ ನೆರವಾಗಲೆಂದು ಬಂದ ಗೆಳೆಯನೊಡನೆ, ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುತ್ತ ಕಳೆದ ರಾತ್ರಿ. ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸುವ ಬೆಳಗು. ಚಿಂತಾಮಣಿಯ ಮಾರ್ಗವಾಗಿ ಕೋಲಾರಕ್ಕೆ ಹೋಗುವ ರೈಲಿನಲ್ಲಿ ಒತ್ತಿ ಕುಳಿತ ಭುಜಗಳು — ಇವುಗಳಲ್ಲಿ ಪ್ರಥಮಾನುರಾಗವು ಯಾವ ಬೋಧನೆಯ ಹಂಗೂ ಇಲ್ಲದೆ ಮೈದಳೆಯಬಲ್ಲದು. ಗಾಯವೂ ಬರಲಿ, ಬರದಿದ್ದರೆ ಅದು ಸುಳ್ಳಾದೀತು. ಆದರೆ ಒಲವಿನ ಹರ್ಷಕ್ಕೆ ಮೊದಲು ಪುಟಗಳು ದೊರೆಯಲಿ. ಉಪಶಮನವು ಊರು ಬಿಟ್ಟವನಿಗೆ ಮಾತ್ರ ಮೀಸಲಾಗದೆ, ಎಲ್ಲವನ್ನೂ ಊಹಿಸಿಯೂ ತಟ್ಟೆಗೆ ಎಂದಿನಂತೆಯೇ ಮುದ್ದೆಯಿಕ್ಕುವ ಅಜ್ಜಿಯಿಂದ, ತರಗತಿಯ ಕುಚೋದ್ಯವನ್ನು ಗದರಿ ನಿಲ್ಲಿಸುವ ಮೇಷ್ಟರಿಂದ ಬರಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡವಾಡಿ ಬೆಳೆದ ಇಲ್ಲಿಯ ಹುಡುಗನು ತನ್ನ ಒಲವಿನ ಮಾತನ್ನು ಯಾವ ನುಡಿಯಲ್ಲಿ ಮೊದಲು ಹೇಳಿಯಾನೆಂಬುದನ್ನು ಬಲ್ಲ ಕಾದಂಬರಿಕಾರನು ಈ ತಾಲ್ಲೂಕುಗಳೊಳಗಿಂದಲೇ ಬರಬೇಕು.