ಲೆನ್ಸಿಗೊಂದು ಡಾಬು

ಮಧ್ಯಾಹ್ನ ಎರಡು ಗಂಟೆ ದಾಟಿತೆಂದರೆ ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಲ್ಲಿ ಕೂತವರ ಕಣ್ಣೆಲ್ಲ ಎದುರಿನ ಕರಡಿಕಲ್ಲು ಗುಡ್ಡದ ಮೇಲೆ. ಅರಣ್ಯ ಇಲಾಖೆಯವರು ಬಂಡೆಗಳಿಗೆ ಬೆಲ್ಲ ಸವರಿ ಹೋಗಿರುತ್ತಾರೆ. ಬಿಸಿಲು ಇಳಿಯುತ್ತಿದ್ದಂತೆ ಕರಡಿಗಳು ಕಲ್ಲಿನ ಸಂದಿಗಳಿಂದ ಒಂದೊಂದಾಗಿ ಹೊರಬರುತ್ತವೆ. ಅವು ಬರುವ ಮುಂಚಿನ ಬಿಡುವಿನಲ್ಲಿ ನಾನು ನೋಡುವುದು ಸಾಲಾಗಿ ನಿಂತ ಟ್ರೈಪಾಡುಗಳನ್ನು, ಅದರಲ್ಲೂ ಉದ್ದ ಲೆನ್ಸಿನ ನಡುವನ್ನು ಡಾಬಿನಂತೆ ಸುತ್ತಿ ಹಿಡಿದ ಲೋಹದ ಬಳೆಯನ್ನು. ಫೋಟೋ ತೆಗೆಯುವವರ ಬಾಯಲ್ಲಿ ಅದು ಕಾಲರ್. ಗಾಜನ್ನು ಹೊಗಳುವವರು ಬಹಳ ಮಂದಿ. ಗಾಜನ್ನು ಅಲುಗದಂತೆ ನಿಲ್ಲಿಸುವ ಈ ಬಳೆಯನ್ನು ಯಾರೂ ಕೈಯಲ್ಲಿ ಹಿಡಿದು ನೋಡುವುದಿಲ್ಲ.

ಬಂದೂಕಿನ ಮೇಲೆ ಕೂರುವ ದೂರದರ್ಶಕಕ್ಕೂ ಇಂಥ ಬಳೆ ಬೇಕು, ಅಲ್ಲಿ ಜೋಡಿ. ಕೊಳವೆ 25.4 ಮಿ.ಮೀ.ನದೋ 30 ಮಿ.ಮೀ.ನದೋ ನೋಡಿ ಅದೇ ಅಳತೆಯ ಬಳೆ ತರಬೇಕು. ಎರಡೂ ಬಳೆ ಒಂದೇ ನೇರಕ್ಕೆ ಕೂರಬೇಕು, ಇಲ್ಲವಾದರೆ ತಿರುಪು ಬಿಗಿದಂತೆಲ್ಲ ಕೊಳವೆಯೇ ಬಾಗುತ್ತದೆ. ಮುಂದಿನ ಗಾಜು ನಳಿಕೆಗೆ ತಾಗದಷ್ಟು ಎತ್ತರವಿದ್ದರೆ ಸಾಕು. ಒಂದು ತಿರುಪನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗದೆ, ಎದುರುಬದುರಿನವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ನಮ್ಮ ಕಾಡಿನಲ್ಲಿ ಬೇಟೆಯ ಕಾಲ ಮುಗಿಯಿತು. ಆ ಶಿಸ್ತು ಮಾತ್ರ ಲೆನ್ಸಿನ ಬಳೆಯಲ್ಲಿ ಇನ್ನೂ ಇದೆ.

ಸಂಡೂರಿನ ಎಂ.ವೈ. ಘೋರ್ಪಡೆಯವರನ್ನು ಇಲ್ಲಿ ನೆನೆಯದಿದ್ದರೆ ಮಾತು ಪೂರ್ತಿಯಾಗದು. ಸಂಸ್ಥಾನದ ರಾಜಮನೆತನದಲ್ಲಿ ಹುಟ್ಟಿದವರು, ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದವರು. ಕಾಡುಪ್ರಾಣಿಗಳ ಛಾಯಾಗ್ರಹಣದಲ್ಲಿ ನಾಡಿನಾಚೆಗೂ ಹೆಸರು ಮಾಡಿದರು. ಅವರ ‘ಸನ್‌ಲೈಟ್ ಆ್ಯಂಡ್ ಶ್ಯಾಡೋಸ್’ 1983ರಲ್ಲಿ ಬಂತು. ದರೋಜಿ ಕರಡಿಧಾಮವಾದದ್ದು 1994ರಲ್ಲಿ. ಈ ಸೀಮೆಯಲ್ಲಿ ಲೆನ್ಸ್ ಹಿಡಿದು ಕಾಯುವುದಕ್ಕೆ ಒಂದು ಘನತೆ ಬಂದದ್ದರಲ್ಲಿ ಅವರ ಪಾಲು ದೊಡ್ಡದೆಂದು ನಾನು ನಂಬಿದ್ದೇನೆ.

ಬಳೆಯ ಬೆಲೆ ತಿಳಿಯಬೇಕಾದರೆ ಒಂದು ಸಣ್ಣ ಲೆಕ್ಕ ಸಾಕು. ಬಳೆಯ ಕೆಳಗೆ ಟ್ರೈಪಾಡಿಗೆ ಕೂರುವ ಚಪ್ಪಟೆ ಭಾಗವನ್ನು ಫುಟ್ ಅನ್ನುತ್ತಾರೆ. 100 ಮಿ.ಮೀ. ಉದ್ದದ ಫುಟ್ ಒಂದು ತುದಿಯಲ್ಲಿ ಮಿಲಿಮೀಟರಿನ ಹತ್ತನೇ ಒಂದು ಪಾಲು ಎದ್ದರೂ, 100 ಮೀಟರ್ ಆಚೆಯ ಬಂಡೆಯ ಮೇಲೆ ದೃಷ್ಟಿ 10 ಸೆಂ.ಮೀ. ಜರುಗುತ್ತದೆ. ಕರಡಿಯ ಕಣ್ಣಿಗೆ ಹಿಡಿದ ಗುರಿ ಮೂತಿಗೆ ಸರಿಯುವಷ್ಟು ದೂರ ಅದು. ಷಟರ್ ತೆರೆದಿರುವಾಗ ಅದರ ಒಂದು ಪಾಲು ನಡುಗಿದರೂ ಕರಡಿಯ ಕೂದಲು ಎಳೆಎಳೆಯಾಗಿ ಬರುವುದಿಲ್ಲ, ಕಪ್ಪು ಮುದ್ದೆಯಾಗುತ್ತದೆ.

ಹಾಗಾಗಿ ಆರಿಸುವಾಗ ನಾನು ಮೊದಲು ನೋಡುವುದು ಫುಟ್ಟನ್ನು. ಗಿಡ್ಡ ಫುಟ್ ಆದರೆ ಭಾರ ಟ್ರೈಪಾಡಿಗೆ ಹತ್ತಿರ ಕೂರುತ್ತದೆ, ನಡುಕ ಕಡಿಮೆ. ಹಿಡಿದು ನಡೆಯಲು ಬೆರಳು ತೂರುವುದಿಲ್ಲ. ಎತ್ತರದ್ದಾದರೆ ಹಿಡಿಕೆಯಂತೆ ಒಳ್ಳೆಯದು, ಆದರೆ ಗಾಳಿಗೆ ಅದುರುತ್ತದೆ. ಗೋಪುರದಲ್ಲಿ ಕೂತು ಕಾಯುವವರಿಗೆ ಗಿಡ್ಡದ್ದೇ ವಾಸಿ. ಕ್ಯಾನನ್ 70–200 ಎಫ್/4 ಲೆನ್ಸಿನಂತೆ ಕೆಲವಕ್ಕೆ ಬಳೆಯನ್ನು ಬೇರೆಯಾಗಿಯೇ ಕೊಳ್ಳಬೇಕು. ಆಗ ಒಳಮೈ ಬೆರಳಾಡಿಸಿ ನೋಡಿ: ಎಲ್ಲೂ ಉಬ್ಬು ಇರಬಾರದು, ಲೆನ್ಸಿನ ಸುತ್ತ ಒಂದೇ ಸಮನಾಗಿ ಅಪ್ಪಬೇಕು.

ಕೂರಿಸುವ ಕೆಲಸಕ್ಕೆ ಅವಸರ ಸಲ್ಲದು. ಕ್ಯಾಮೆರಾ ಬಿಚ್ಚಿ, ಬಳೆಯ ಗುಂಡಿ ಸಡಿಲಿಸಿ, ಲೆನ್ಸನ್ನು ನಡುವಿಗೆ ತಂದು ಮುಚ್ಚಬೇಕು. ಫುಟ್ಟಿಗೆ ಪ್ಲೇಟು ಹಾಕುವುದಿದ್ದರೆ ಎರಡು ತಿರುಪಿನದನ್ನೇ ಹಾಕಿ, ಒಂದೇ ತಿರುಪಿನದು ಲೆನ್ಸಿನ ಭಾರಕ್ಕೆ ಮೆಲ್ಲಗೆ ತಿರುಗಿಬಿಡುತ್ತದೆ. ಹೊಸಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಲನ್ ಕೀ ಸೆಟ್ಟೇ ಇದಕ್ಕೆ ಸಾಕು. ಆಮೇಲೆ ಕ್ಯಾಮೆರಾ ತೊಡಿಸಿ, ಟ್ರೈಪಾಡಿನ ಹೆಡ್ ಸಡಿಲಿಸಿ, ಪ್ಲೇಟನ್ನು ಹಿಂದಕ್ಕೂ ಮುಂದಕ್ಕೂ ಜರುಗಿಸಬೇಕು. ಕೈ ಬಿಟ್ಟರೂ ಮೂತಿ ಕೆಳಗೂ ಹೋಗದೆ ಮೇಲಕ್ಕೂ ಏಳದೆ ಲೆನ್ಸ್ ಬಿಟ್ಟಲ್ಲೇ ನಿಲ್ಲುವ ಜಾಗವೊಂದು ಸಿಗುತ್ತದೆ. ಎರಡು ಕಿಲೋ ತೂಕ ಇದ್ದಕ್ಕಿದ್ದಂತೆ ಒಂದು ಬೆರಳಿನ ಮಾತು ಕೇಳತೊಡಗುವ ಆ ಗಳಿಗೆಯ ಸುಖ ಫೋಟೋ ಚೆನ್ನಾಗಿ ಬಂದ ಸುಖಕ್ಕೇನೂ ಕಡಿಮೆಯಲ್ಲ.

ಬಳೆಯ ಪೂರ್ತಿ ಸೊಗಸು ಕಾಣುವುದು ಹಂಪಿಯಲ್ಲಿ. ಬೆಳಗಿನ ಜಾವ ಮಾತಂಗ ಬೆಟ್ಟದ ಮೇಲೆ ನಿಂತರೆ ಸೂರ್ಯ ಬೆನ್ನ ಹಿಂದೆ, ವಿರೂಪಾಕ್ಷನ ಪೂರ್ವದ ಗೋಪುರ ಎದುರಿಗೆ. ಒಂಬತ್ತು ನೆಲೆ, ಸುಮಾರು 50 ಮೀಟರ್ ಎತ್ತರ: ಚೌಕಟ್ಟನ್ನು ನಿಲ್ಲಿಸಿಯೇ ತೆಗೆಯಬೇಕು. ಬಳೆ ಇಲ್ಲದವರು ಹೆಡ್ಡನ್ನೇ ಪಕ್ಕಕ್ಕೆ ಮಲಗಿಸುತ್ತಾರೆ, ಭಾರವೆಲ್ಲ ಒಂದು ಬದಿಗೆ ಜೋತುಬೀಳುತ್ತದೆ. ಬಳೆ ಇದ್ದವರು ಗುಂಡಿಯನ್ನು ಅರ್ಧ ಸುತ್ತು ಸಡಿಲಿಸಿ ಕ್ಯಾಮೆರಾ ತಿರುಗಿಸಿದರಾಯಿತು. ಒಳ್ಳೆಯ ಬಳೆ ಎಣ್ಣೆಯಲ್ಲಿ ಅದ್ದಿದಷ್ಟು ನಯವಾಗಿ ತಿರುಗುತ್ತದೆ. ತೊಂಬತ್ತು ಡಿಗ್ರಿಗೆ ಬಂದಾಗ ಕೆಲವು ಬಳೆಗಳಲ್ಲಿ ಟಿಕ್ ಎಂದು ಬೆರಳಿಗೆ ತಿಳಿಯುತ್ತದೆ. ಅಡ್ಡವಾಗಿದ್ದ ಚೌಕಟ್ಟು ನೆಟ್ಟಗಾಗುತ್ತದೆ, ನಡುಬಿಂದು ಮಾತ್ರ ಕೂದಲೆಳೆಯಷ್ಟೂ ಸರಿದಿರುವುದಿಲ್ಲ. ಅದೇ ಬಂಡೆಗಳ ಮೇಲೆ ಹಳದಿ ಕೊರಳಿನ ಪಿಕಳಾರ ಕೂತರೆ ಮತ್ತೆ ಟಿಕ್, ಚೌಕಟ್ಟು ಅಡ್ಡ.

ಕಂಪ್ಲಿ ಕಡೆ ಹೊಳೆಯ ಮಾತು ಬೇರೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿ.ಮೀ. ಹರಿವು 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಬಂಡೆಯಿಂದ ಬಂಡೆಗೆ ಜಾಗ ಬದಲಿಸುತ್ತ ನೋಡಬೇಕಾದಲ್ಲಿ ಟ್ರೈಪಾಡು ಹೊರೆ. ಅಲ್ಲಿ ಫುಟ್ಟನ್ನು ಮೇಲ್ಮುಖ ತಿರುಗಿಸಿ, ಲೆನ್ಸಿನ ಹೊಟ್ಟೆಯನ್ನೇ ಅಂಗೈಯಲ್ಲಿ ಹೊತ್ತು, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯುತ್ತೇನೆ. ಬಳೆ ಕಳಚಿ ಮನೆಯಲ್ಲೇ ಇಟ್ಟು ಹೋಗುವವರೂ ಇದ್ದಾರೆ. ನನಗೆ ಮನಸ್ಸು ಬರುವುದಿಲ್ಲ. ಮರಳುವಾಗ ಹಿಡಿದು ನಡೆಯಲು ಅದೇ ಆಧಾರ.

ಇನ್ನು ಧೂಳು. ಸಂಡೂರಿನ ಅದಿರಿನ ಕೆಂಪು ಧೂಳು ಬಲು ನುಣುಪು, ಬಳೆಯ ಒಳಗೂ ಇಳಿಯುತ್ತದೆ. ತಿರುಗಿಸಿದಾಗ ಕರಕರ ಎಂದರೆ ಅದೇ. ಎಣ್ಣೆ ಹಾಕಬೇಡಿ, ಧೂಳು ಇನ್ನಷ್ಟು ಅಂಟುತ್ತದೆ. ಬಿಚ್ಚಲು ಬರುವ ಬಳೆಯಾದರೆ ಬಿಚ್ಚಿ, ಮೆತ್ತನೆಯ ಒಣ ಬ್ರಷ್ಷಿನಿಂದ ಒಳಮೈ ಝಾಡಿಸಿ, ಲೆನ್ಸಿನ ನಡುವನ್ನು ಹತ್ತಿ ಬಟ್ಟೆಯಿಂದ ಒರೆಸಿ, ಗುರುತಿಗೆ ಗುರುತು ಕೂಡಿಸಿ ಮತ್ತೆ ಮುಚ್ಚಿ.