ಅಂಚಿನಲ್ಲಿ ನಿಂತವರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕು ಸೇರಿ ನಮ್ಮದೊಂದು ಶೈಕ್ಷಣಿಕ ಜಿಲ್ಲೆ. ವರ್ಗಾವಣೆ, ತರಬೇತಿ, ಪರೀಕ್ಷೆ ಕೆಲಸ ಎಂದು ಸುತ್ತಿದ ನನಗೆ ಇಲ್ಲಿನ ಹಳೆಯ ಶಾಲೆಗಳ ಆಫೀಸ್ ರೂಮುಗಳು ಚೆನ್ನಾಗಿ ಪರಿಚಯ. ಒಂದು ಬೀರು, ಅದರ ಮೇಲೆ ಗ್ಲೋಬು, ಗೋಡೆಗೆ ಕಪ್ಪು ಬಿಳುಪಿನ ಗ್ರೂಪ್ ಫೋಟೋಗಳ ಸಾಲು. ಕಥೆ, ಕಾದಂಬರಿ, ಸಿನಿಮಾಗಳಿಗೆ ವಿಮರ್ಶೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಈ ಫೋಟೋಗಳನ್ನು ಯಾರೂ ಆ ಕಣ್ಣಿನಿಂದ ನೋಡಿದಂತಿಲ್ಲ.

ನೀವೂ ಗಮನಿಸಿರಬಹುದು. ನಡುವಿನ ಕುರ್ಚಿಯಲ್ಲಿ ಕುಳಿತ ಹೆಡ್‌ಮಾಸ್ಟರರ ಮೀಸೆಯ ಕೂದಲು ಎಣಿಸಬಹುದು. ಅಂಚಿಗೆ ಬರುಬರುತ್ತ ಮುಖಗಳು ಕದಡಿರುತ್ತವೆ. ಅಂಚಿನಲ್ಲಿರುವವರು ಯಾರು? ಕೊನೆಗೆ ಜಾಗ ಸಿಕ್ಕ ಹುಡುಗಿಯರು, ಜವಾನ, ನೀರು ತುಂಬಿಸುತ್ತಿದ್ದ ಆಯಾ. “ಹೆಣ್ಮಕ್ಳು ಒಂದು ಗಳಿಗೆ ನೆಟ್ಟಗೆ ನಿಲ್ಲೋದಿಲ್ಲ ಮೇಡಂ, ಕಿಸಿಕಿಸಿ ನಗ್ತಾ ಅಲ್ಲಾಡಿಬಿಡ್ತಾರೆ” ಎಂಬ ಮಾತನ್ನು ಸ್ಟುಡಿಯೋದವರಿಂದಲೂ ನಮ್ಮ ಸಹೋದ್ಯೋಗಿಗಳಿಂದಲೂ ಕೇಳಿದ್ದೇನೆ. ಈ ಮಾತು ಬಹಳ ಸಲ ಅನ್ಯಾಯದ್ದು. ಹುಡುಗಿ ನೆಟ್ಟಗೇ ನಿಂತಿರುತ್ತಾಳೆ. ಓರೆಯಾಗಿ ನಿಂತಿರುವುದು ಡಾರ್ಕ್‌ರೂಮಿನ ಎನ್‌ಲಾರ್ಜರು.

ಅದನ್ನು ನೋಡದವರಿಗಾಗಿ ಹೇಳುತ್ತೇನೆ. ಕೆಳಗೊಂದು ಹಲಗೆ, ಹಿಂದೊಂದು ಕಂಬ. ಕಂಬಕ್ಕೆ ಸಿಕ್ಕಿಸಿದ ದೀಪದ ಡಬ್ಬಿ, ಅದರಡಿ ನೆಗೆಟಿವ್, ಹಾರ್ಮೋನಿಯಂ ತಿದಿಯಂಥ ಮಡಿಕೆ, ತುದಿಯಲ್ಲಿ ಲೆನ್ಸ್. ಬೆಳಕು ಇವುಗಳಲ್ಲಿ ಹಾದು ಹಲಗೆಯ ಮೇಲಿನ ಬ್ರೋಮೈಡ್ ಕಾಗದಕ್ಕೆ ಬೀಳುತ್ತದೆ. ನೆಗೆಟಿವ್, ಲೆನ್ಸ್, ಹಲಗೆ ಮೂರೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಓರೆಯಾದ ಕಾವಲಿಯ ಮೇಲೆ ದೋಸೆ ಹುಯ್ದರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಇಲ್ಲಿಯೂ ಹಾಗೆ: ಒಂದು ಪಕ್ಕ ಸ್ಪಷ್ಟ, ಇನ್ನೊಂದು ಪಕ್ಕ ಮಸುಕು.

ಯಂತ್ರಕ್ಕೆ ವಯಸ್ಸಾದಂತೆ ಮೊದಲು ಕೆಡುವುದು ಈ ಸಮವೇ. ತಲೆಯ ಭಾರ ಹೊತ್ತ ಸ್ಪ್ರಿಂಗ್ ಸಡಿಲವಾಗುತ್ತದೆ, ಬಿಗಿಯುವ ತಿರುಪಿನ ಮರೆ ಸವೆಯುತ್ತದೆ, ತಲೆ ಮುಂದಕ್ಕೆ ತೂಗುತ್ತದೆ. ಫೋಕಸಿನ ಹಲ್ಲುಪಟ್ಟಿ ಸವೆದರೆ ಕೈ ಬಿಟ್ಟ ಮೇಲೆ ಲೆನ್ಸ್ ಕೂದಲೆಳೆಯಷ್ಟು ಜಾರುತ್ತದೆ. ನಾನು ಕಂಡ ಒಂದು ಸ್ಟುಡಿಯೋದಲ್ಲಿ ಅಪ್ಪ ಕೊಂಡ ಯಂತ್ರದಲ್ಲೇ ಮಗನೂ ಜೀವನ ಮಾಡಿದ. ಹಲಗೆಯ ಕೆಳಗೆ ಮಡಿಸಿದ ರಟ್ಟು ಇಟ್ಟಿದ್ದ. ಹಲಗೆ ತಲೆಯ ಜೊತೆಗೇ ಏಳುವಾಗ ರಟ್ಟಿನಿಂದೇನು ಪ್ರಯೋಜನ! ತಿದಿ ಬಿರಿದರೆ ಬೆಳಕು ಸೋರುತ್ತದೆ, ಬಿಳಿ ಸೀರೆ ಬೂದಿಬಣ್ಣಕ್ಕೆ ತಿರುಗುತ್ತದೆ. ಲೆನ್ಸಿಗೆ ಧೂಳು ಕೂತರೂ ಅದೇ ಗತಿ. ನಮ್ಮದು ಮಲೆನಾಡಲ್ಲ, ಬೂಷ್ಟಿಗಿಂತ ಧೂಳಿನದೇ ಕಾಟ.

ನಡುವಿನವರೇನೂ ಪೂರ್ತಿ ಪಾರಾದವರಲ್ಲ. ಬಲ್ಬಿನ ಶಾಖಕ್ಕೆ ನೆಗೆಟಿವ್ ಹಪ್ಪಳದಂತೆ ಉಬ್ಬಿದರೆ ಮಸುಕಾಗುವುದು ಹೆಡ್‌ಮಾಸ್ಟರರೇ. ಆದರೆ ಆಗ ಫೋಟೋ ವಾಪಸ್ಸು ಹೋಗಿ ಹೊಸದು ಬರುತ್ತಿತ್ತು. ಅಂಚು ಕೆಟ್ಟರೆ ಕಟ್ಟು ಹಾಕಿಸಿ ಮೊಳೆಗೆ ನೇತುಹಾಕುತ್ತಿದ್ದರು.

ಹಾಗೆಂದು ತಪ್ಪೆಲ್ಲ ಯಂತ್ರದ್ದಲ್ಲ. ಲೆನ್ಸಿನ ಕಿಂಡಿಯನ್ನು ಎರಡು ಹಂತ ಕಿರಿದು ಮಾಡಿದರೆ ಇಂಥ ಓರೆ ಬಹುಪಾಲು ಮುಚ್ಚಿಹೋಗುತ್ತದೆ. 5 ಸೆಕೆಂಡಿನ ಬೆಳಕಿಗೆ 20 ಸೆಕೆಂಡು ಬೇಕಾಗುತ್ತದೆ, ಅಷ್ಟೇ. ಆ ತಾಳ್ಮೆ ಇದ್ದವರ ಕೆಲಸ ನೋಡಿದ ಕೂಡಲೇ ಗೊತ್ತಾಗುತ್ತದೆ. ಕರೆಂಟಿನ ಗೋಳು ಇದ್ದದ್ದೂ ನಿಜ. ಪಂಪ್‌ಸೆಟ್ಟುಗಳು ಶುರುವಾಗಿ ವೋಲ್ಟೇಜು ನೂರಕ್ಕೆ 10 ಭಾಗ ಇಳಿದರೆ ಬಲ್ಬಿನ ಬೆಳಕು ಸುಮಾರು 30 ಭಾಗ ಇಳಿದು ಚಿತ್ರ ಪೇಲವವಾಗುತ್ತದೆ. (ಅದೇ ಪಾವಗಡದಲ್ಲಿ ಈಗ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ!) ಆದರೆ ವೋಲ್ಟೇಜಿನ ಪೆಟ್ಟು ಎಲ್ಲ ಮುಖಕ್ಕೂ ಒಂದೇ ಸಮ ಬೀಳುತ್ತದೆ, ಒಂದು ಪಕ್ಕವನ್ನು ಆರಿಸಿಕೊಂಡು ಬೀಳುವುದಿಲ್ಲ.

ಹುಡುಗಿ ಅಲ್ಲಾಡಿದಳೋ ಯಂತ್ರ ಓರೆಯೋ ಎಂದು ತಿಳಿಯಲು ಮಕ್ಕಳ ಭೂತಗನ್ನಡಿ ಸಾಕು. ಅವಳೊಬ್ಬಳ ಮುಖ ಮಾತ್ರ ಕದಡಿ ಪಕ್ಕದವಳದು ಸ್ಪಷ್ಟವಾಗಿದ್ದರೆ ಅವಳೇ ಅಲ್ಲಾಡಿದ್ದಾಳೆ. ಅವಳ ಹಿಂದಿನ ಕಿಟಕಿಯ ಸರಳೂ ಕದಡಿದ್ದರೆ? ಸರಳೇನು ಕಿಸಿಕಿಸಿ ನಗುವುದಿಲ್ಲವಲ್ಲ. ಇನ್ನೂ ಹತ್ತಿರದಿಂದ, ಫಿಲ್ಮಿನ ಸಣ್ಣ ಮರಳಿನಂಥ ಕಣಗಳನ್ನು ನೋಡಿ. ಮುಖ ಮಸುಕಾಗಿದ್ದು ಕಣ ಚೂಪಾಗಿದ್ದರೆ ದೋಷ ಕ್ಯಾಮೆರಾದ ಮುಂದೆ ಅಥವಾ ಕ್ಯಾಮೆರಾದಲ್ಲಿ. ಆ ಪಕ್ಕದ ಕಣಗಳೂ ಕರಗಿದಂತಿದ್ದರೆ ದೋಷ ಡಾರ್ಕ್‌ರೂಮಿನದು. ಹಾಗಿದ್ದಲ್ಲಿ ನೆಗೆಟಿವ್‌ನಲ್ಲಿ ಆ ಮುಖ ಇನ್ನೂ ಸ್ಪಷ್ಟವಾಗಿಯೇ ಇರಬಹುದು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ತೀರಿಕೊಂಡ ತಾಯಿಯದೆಂದು ಉಳಿದಿದ್ದದ್ದು ಅಂಥದೊಂದೇ ಫೋಟೋ, ಎಡ ಅಂಚಿನಲ್ಲಿ. ಪೇಟೆಯಲ್ಲಿ ಕಂಪ್ಯೂಟರಿಗೆ ಹಾಕಿ ಚೊಕ್ಕ ಮಾಡಿಸಿದಳು. ತಿದ್ದಿದ ಹುಬ್ಬು, ಹೊಳೆಯುವ ಕಣ್ಣು ಎಲ್ಲ ಬಂತು. “ಚೆನ್ನಾಗಿದ್ದಾರೆ ಮೇಡಂ, ಆದ್ರೆ ನಮ್ಮಮ್ಮ ಅಲ್ಲ” ಎಂದು ಅತ್ತಳು. ಇಲ್ಲದ್ದನ್ನು ಊಹಿಸಿ ಕೂರಿಸುವ ಈ ರಿಪೇರಿ ನನಗೆ ಹಳೆಯ ಮಸುಕಿಗಿಂತ ಕೆಟ್ಟದ್ದಾಗಿ ಕಾಣುತ್ತದೆ. ಆಮೇಲೆ ಫೋಟೋದ ಬೆನ್ನಿಗೆ ಬರೆದಿದ್ದ ನಂಬರು ಹಿಡಿದು, ಮುಚ್ಚಿದ ಸ್ಟುಡಿಯೋದವರ ಮನೆ ಹುಡುಕಿದೆವು. ಅಟ್ಟದ ಮೇಲಿನ ಬಿಸ್ಕತ್ ಡಬ್ಬಿಯಲ್ಲಿ ನೆಗೆಟಿವ್ ಸಿಕ್ಕಿತು. ಕಿಟಕಿಗೆ ಹಿಡಿದರೆ ಮುಖ ಕಪ್ಪು, ಕೂದಲು ಬೆಳ್ಳಗೆ, ಮುಡಿದ ಮಲ್ಲಿಗೆ ಸಾಲು ಕಪ್ಪು ಚುಕ್ಕಿ. ಸ್ಕ್ಯಾನ್ ಮಾಡಿಸಿದ ಮೇಲೆ ಮೂಗುಬೊಟ್ಟಿನ ಹರಳೂ ಕಂಡಿತು.

ನಿಮ್ಮಲ್ಲಿ ಅಂಥ ಫೋಟೋ ಇದ್ದರೆ ಕಟ್ಟು ಬಿಚ್ಚಿಸಿ ಹಿಂಬದಿ ನೋಡಿ. ಬೇಗ ನೋಡಿ. ಹಳೆಯ ಫಿಲ್ಮಿನಿಂದ ಬೆಳ್ಳಿ ತೆಗೆಯುವವರಿಗೆ ಡಬ್ಬಿಗಟ್ಟಲೆ ತೂಕಕ್ಕೆ ಹಾಕಿದವರೂ ಇದ್ದಾರೆ.