ಕಂಬದ ಕೆಳಗಿನ ನೆಲ

ಹಳೆಯ ಮನೆ ನೋಡಲು ಹೋದಾಗ ಮೊದಲು ತಲೆ ಎತ್ತುತ್ತೇವೆ: ಕಂಬ, ಕಮಾನು, ಚಾವಣಿಯ ಚಿತ್ತಾರ. ರೋಮ್‌ನ ನೊಮೆಂತಾನಾ ರಸ್ತೆಯ ವಿಲ್ಲಾ ತೊರ್ಲೋನಿಯಾದಲ್ಲಿ ತಲೆ ತಗ್ಗಿಸಿಯೂ ನೋಡಬೇಕು.

ಬ್ಯಾಂಕ್ ವ್ಯವಹಾರದಲ್ಲಿ ಸಿರಿವಂತನಾದ ಜೊವಾನ್ನಿ ತೊರ್ಲೋನಿಯಾ ಈ ತೋಟವನ್ನು ಕೊಂಡದ್ದು 1797ರಲ್ಲಿ. ಹೊಸ ಹಣಕ್ಕೆ ಪ್ರಾಚೀನ ರೋಮಿನ ಘನತೆ ಬೇಕಿತ್ತು. ವಾಸ್ತುಶಿಲ್ಪಿ ಜುಸೆಪ್ಪೆ ವಲಾದಿಯೇರ್ ಅದನ್ನು ನಿಯೋಕ್ಲಾಸಿಕಲ್ ಶೈಲಿಯಲ್ಲಿ ಒದಗಿಸಿಕೊಟ್ಟ. 1832ರಿಂದ ಮಗ ಅಲೆಸ್ಸಾಂದ್ರೊ, ಕರೆತ್ತಿ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ಅದನ್ನು ಇನ್ನಷ್ಟು ಬೆಳೆಸಿದ. ಮುಖ್ಯ ಭವನದ ಮುಂಭಾಗದ ತ್ರಿಕೋನ ಮುಡಿಯಲ್ಲಿ ಸುಟ್ಟ ಮಣ್ಣಿನ ಉಬ್ಬುಶಿಲ್ಪವಿದೆ: ಇಂಡಿಯಾದಿಂದ ಗೆದ್ದು ಮರಳುತ್ತಿರುವ ಮದ್ಯದೇವತೆ ಬ್ಯಾಕಸ್. ಗ್ರೀಕರ ಈ ಪುರಾಣದ ಎದುರು ನಮ್ಮ ಕಡೆಯವರ ಕಾಲು ತಾನಾಗಿ ನಿಲ್ಲುತ್ತದೆ. ತಂದೆತಾಯಿಯ ನೆನಪಿಗೆ ಅಲೆಸ್ಸಾಂದ್ರೊ 1842ರಲ್ಲಿ ಎರಡು ಶಿಲಾಸ್ತಂಭ ನಿಲ್ಲಿಸಿದ. ಉತ್ತರದ ಬವೇನೊ ಗಣಿಯ ಆ ಗುಲಾಬಿ ಗ್ರಾನೈಟು ನದಿ, ಸಮುದ್ರ ದಾಟಿ, ಇಟಲಿಯನ್ನೇ ಸುತ್ತಿ ಬಂತು.

ಈ ಮನೆಯ ಅತಿ ಪ್ರಸಿದ್ಧ ನಿವಾಸಿ ಮಾತ್ರ ಬಾಡಿಗೆದಾರ. 1925ರಿಂದ 1943ರವರೆಗೆ ಸರ್ವಾಧಿಕಾರಿ ಮುಸೊಲಿನಿಯ ಮನೆ ಇದೇ. ಬಾಡಿಗೆ ವರ್ಷಕ್ಕೆ 1 ಲಿರಾ. ಯುದ್ಧ ಬಂದಾಗ ಅವನು ನೆಲದಡಿ ಅಡಗುದಾಣ ಕಟ್ಟಿಸತೊಡಗಿದ. ಒಂದಾದ ಮೇಲೊಂದು ಮೂರು; ಮೂರನೆಯದು ಮುಗಿಯುವ ಮೊದಲೇ, 1943ರ ಜುಲೈ 25ರಂದು, ಬಂಧನವಾಯಿತು.

ಆದರೆ ಅದೇ ನೆಲದಡಿ ಆಗಲೇ ಬೇರೆಯವರಿದ್ದರು. ಪ್ರಾಚೀನ ರೋಮಿನ ಯಹೂದಿಗಳು ತಮ್ಮವರನ್ನು ಮಣ್ಣು ಮಾಡಿದ ಸುರಂಗ ಸಮಾಧಿಗಳು 1919ರಲ್ಲೇ ಅಲ್ಲಿ ಪತ್ತೆಯಾಗಿದ್ದವು. ಗೋಡೆಯ ಮೇಲೆ ಏಳು ಕವಲಿನ ದೀಪಸ್ತಂಭದ ಚಿತ್ರ. 1938ರಲ್ಲಿ ಯಹೂದಿಗಳನ್ನು ಶಾಲೆಯಿಂದ, ನೌಕರಿಯಿಂದ ಹೊರಹಾಕುವ ಕಾನೂನುಗಳನ್ನು ತಂದ ಮನುಷ್ಯ, ಅವರ ಪೂರ್ವಜರ ಸಮಾಧಿಗಳ ಮೇಲಿನ ತೋಟದಲ್ಲೇ ಬದುಕುತ್ತಿದ್ದ. ಅವರು ಈ ಊರಿನವರೆಂಬುದಕ್ಕೆ ಸಾಕ್ಷಿ ಅವನ ಕಾಲಡಿಯಲ್ಲೇ ಇತ್ತು.

ಆಮೇಲೆ ಮಿತ್ರಪಡೆಗಳು ಬೀಡುಬಿಟ್ಟವು, ಮನೆ ಹಾಳುಬಿತ್ತು. 1977ರಲ್ಲಿ ನಗರಾಡಳಿತದ ಕೈಗೆ ಬಂದ ತೋಟ ಮರುವರ್ಷ ಜನರಿಗೆ ತೆರೆಯಿತು; 2006ರಲ್ಲಿ ಮುಖ್ಯ ಭವನ ವಸ್ತುಸಂಗ್ರಹಾಲಯವಾಯಿತು.

ಕಟ್ಟಿಸಿದವನ ಆಸೆಯನ್ನು ಕಂಬಗಳು ಹೇಳುತ್ತವೆ. ಊರು ಯಾರದೆಂದು ಕೇಳಬೇಕಾದರೆ ನೆಲವನ್ನೇ ಕೇಳಬೇಕು. ವಿಲ್ಲಾ ತೊರ್ಲೋನಿಯಾದ ನೆಲದಡಿ ಆ ದೀಪದ ಚಿತ್ರ ಇನ್ನೂ ಇದೆ.